ಜೋಗುಪಾಳ್ಯದಿಂದ ಧಾರವಾಡಕ್ಕೆ

(ಬಾನುಲಿ ಭಾಷಣ)

ನನ್ನ ವಾಸ ಜೋಗುಪಾಳ್ಯದಲ್ಲಿ. ಬೆಂಗಳೂರಿನವರಲ್ಲಿಯೇ ಹಲವರು ಈ ಹೆಸರನ್ನು ಕೇಳಿ ‘ಅದೆಲ್ಲಿ?’ ಎಂದು ಪ್ರಶ್ನಿಸುವುದುಂಟು. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ, ಹಳೆಯ ಮದರಾಸು ರಸ್ತೆಯ ಮಗ್ಗುಲಲ್ಲಿ, ಇಕ್ಕಟ್ಟಾದ ಬೀದಿಗಳ ಒಂದು ಪಾಳ್ಯ ಅದು. ದಂಡಿನ ಪ್ರದೇಶದ ನೆರಳಿನಲ್ಲಿ ಬೆಳೆದ ಊರು. ದಂಡಿನ ಆಡಳಿತ ಮೈಸೂರಿನ ಕೈಗೆ ಮರಳಿ ಬಂದದ್ದು 1947ರ ಜುಲೈಯಲ್ಲಿ. ನಗರದೊಡನೆ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಆದ್ದರಿಂದ ನಮ್ಮ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಿವಿಗೆ ಬೀಳುವ ಮಾತುಗಳಲ್ಲಿ ತಮಿಳುಂಟು, ತೆಲುಗುಂಟು, ಉರ್ದು ಉಂಟು, ಇಂಗ್ಲಿಷ್ ಉಂಟು, ಕನ್ನಡವೂ ಉಂಟು. ಕನ್ನಡದ ಅಧ್ಯಾಪಕನಾದ ನಾನು ಈ ಬೀದಿಗೆ ಬಂದ ಮೊದಲ ವರ್ಷಗಳಲ್ಲಿ, ಪರರಾಜ್ಯದಲ್ಲಿ ನಿಯುಕ್ತನಾದ ರಾಯಭಾರಿಯಂತೆ ತಲೆಯೆತ್ತಿ ಓಡಾಡುತ್ತಿದ್ದೆನೆಂದು ಈಗ ನೆನೆದರೆ ನಗೆ ಬರುತ್ತದೆ.

ನಮ್ಮ ಮನೆಗೆ ಎರಡು ಮನೆ ಆಚೆ ಒಬ್ಬ ಹಿರಿಯರಿದ್ದಾರೆ. ಆಂಗ್ಲೋ-ಇಂಡಿಯನ್ ಸಮಾಜದವರು; ರೈಲ್ವೆಯಲ್ಲಿ ಗಾರ್ಡ್ ಆಗಿ ದುಡಿದು ನಿವೃತ್ತರಾದವರು. ಸಂಜೆಯಾಗುತ್ತಲೆ ಜಗಲಿಯ ಮೇಲೆ ಕುಳಿತು ಗಿಟಾರ್ ನುಡಿಸಿಕೊಂಡು ಹಾಡುವರು. ಅವರು ಹಾಡುವುದು ಅಮೆರಿಕದ ಹಳ್ಳಿಗಾಡಿನ ಹಾಡುಗಳನ್ನು; ‘ಕಂಟ್ರಿ ಮ್ಯೂಸಿಕ್’ ಎಂದು ಅದಕ್ಕೆ ಹೆಸರು. ಅವರ ಆರಾಧ್ಯ ಗಾಯಕ ಜಿಮ್ ರೀವ್ಸ್. 1964ರ ಜುಲೈ 31ರಂದು, ನಲವತ್ತೊಂದು ತುಂಬುವ ಮೊದಲೇ, ನ್ಯಾಶ್‌ವಿಲ್ ನಗರದ ಹತ್ತಿರ ವಿಮಾನಾಪಘಾತದಲ್ಲಿ ತೀರಿಕೊಂಡ ಈ ಗಾಯಕನಿಗೆ ನಮ್ಮ ದಂಡಿನ ಮನೆಗಳಲ್ಲಿ ದೊರೆತಿರುವ ಅಮರತ್ವ ಅವನ ತವರಿನಲ್ಲಿಯೂ ದೊರೆತಿದೆಯೋ ಇಲ್ಲವೋ! ಮೃದುವಾದ, ತಗ್ಗಿದ ದನಿ ಅವನದು. ಮೈಕ್ರೊಫೋನಿಗೆ ತುಟಿಯನ್ನು ತೀರ ಹತ್ತಿರ ತಂದು, ಕಿವಿಯಲ್ಲಿ ಮಾತನಾಡುವಂತೆ ಹಾಡುವ ರೀತಿಯನ್ನು ಅವನು ರೂಢಿಸಿಕೊಂಡಿದ್ದನಂತೆ. ನಮ್ಮ ಹಿರಿಯರು ಹಾಗೆಯೇ ಹಾಡುತ್ತಾರೆ, ಮೈಕ್ರೊಫೋನ್ ಇಲ್ಲದೆ. ಆದ್ದರಿಂದ ಎರಡು ಮನೆ ಆಚೆಗೆ ಅದು ಕೇಳುವುದಿಲ್ಲ. ಬಹಳ ವರ್ಷ ನಾನು ಕೇಳಿಯೂ ಇರಲಿಲ್ಲ.

ಅವರ ಕೋಣೆಯ ಗೋಡೆಯ ಮೇಲೆ ಕೆಂಪು ಇಟ್ಟಿಗೆಯ ಒಂದು ಕಟ್ಟಡದ ಚಿತ್ರವಿದೆ. ಯಾವುದೋ ಇಗರ್ಜಿಯೆಂದು ನಾನು ಭಾವಿಸಿದ್ದೆ. ಅದು ನ್ಯಾಶ್‌ವಿಲ್‌ನ ರೈಮನ್ ಸಭಾಂಗಣ. ಹಡಗಿನ ವ್ಯಾಪಾರಿಯಾದ ಥಾಮಸ್ ರೈಮನ್ ಎಂಬಾತ ಧರ್ಮಬೋಧೆಗಾಗಿ ಕಟ್ಟಿಸಿದ್ದು, ಮುಗಿದದ್ದು 1892ರಲ್ಲಿ. 1943ರಿಂದ 1974ರವರೆಗೆ ಹಳ್ಳಿಹಾಡಿನ ವಾರದ ಮೇಳ ಅಲ್ಲಿ ನಡೆಯಿತು. ಒಮ್ಮೆ ಅದರ ಬಾಗಿಲಲ್ಲಿ ನಿಂತು ಬರಬೇಕೆಂಬುದು ಈ ಹಿರಿಯರ ಜೀವಮಾನದ ಆಸೆ. ಮಕ್ಕಳು ಹೊರದೇಶದಲ್ಲಿದ್ದಾರೆ, ಹಣಕ್ಕೆ ತೊಂದರೆಯಿರಲಿಲ್ಲ. ಆದರೆ ಹೃದಯದ ವೈದ್ಯರು ದೂರದ ವಿಮಾನ ಪ್ರಯಾಣ ಕೂಡದೆಂದುಬಿಟ್ಟರು.

ನಮ್ಮದೊಂದು ಚಿಕ್ಕ ಓದುಗರ ಕೂಟವಿದೆ. ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ಒಂದು ಪುಸ್ತಕವನ್ನು ಕೆಲವು ಪುಟ ಓದುವುದು, ಕಾಫಿ ಕುಡಿಯುವುದು, ಜಗಳವಾಡಿ ಏಳುವುದು. 2023ರ ಮಳೆಗಾಲದಲ್ಲಿ ನಾವು ಓದಿದ್ದು ಮಲ್ಲಿಕಾರ್ಜುನ ಮನಸೂರರ ಆತ್ಮಕಥೆ ‘ನನ್ನ ರಸಯಾತ್ರೆ’. ಓದಿ ಮುಗಿಸಿದ ದಿನ ಒಬ್ಬರು, ‘ಧಾರವಾಡವನ್ನು ನೋಡದೆ ಇದನ್ನು ಓದಿದರೆ ಓದಿದಂತಾಯಿತೆ?’ ಎಂದರು. ಕೂಡಲೇ ಪ್ರವಾಸದ ಮಾತು ಎದ್ದಿತು. ಹದಿನೇಳು ಮಂದಿ ಹೆಸರು ಕೊಟ್ಟರು. ಸುದ್ದಿ ಬೀದಿಯಲ್ಲಿ ಹರಡಿತು. ಮಾರನೆಯ ದಿನ ಆ ಹಿರಿಯರು ನನ್ನನ್ನು ನಿಲ್ಲಿಸಿ, ತಮಿಳು ಇಂಗ್ಲಿಷುಗಳು ಬೆರೆತ ತಮ್ಮ ಕನ್ನಡದಲ್ಲಿ, ‘ನೀವೆಲ್ಲ ನಿಮ್ಮ ನ್ಯಾಶ್‌ವಿಲ್‌ಗೆ ಹೋಗುತ್ತೀರಂತೆ. ನನ್ನನ್ನೂ ಕರೆದುಕೊಂಡು ಹೋಗಿ’ ಎಂದರು.

ನನಗೆ ಆ ಹೋಲಿಕೆ ರುಚಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಎಲ್ಲಿಯ ಧಾರವಾಡ, ಎಲ್ಲಿಯ ನ್ಯಾಶ್‌ವಿಲ್! ಅದು ಹಳ್ಳಿಹಾಡಿನ ಊರು. ಇದು ಖಯಾಲಿನ ಊರು. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ದೇಶಿ, ಇದು ಮಾರ್ಗ. ಮೂವತ್ತೈದು ವರ್ಷ ತರಗತಿಯಲ್ಲಿ ಮಾರ್ಗ-ದೇಶಿಗಳ ಭೇದವನ್ನು ಪಾಠ ಹೇಳಿದವನಿಗೆ ಅದು ತಟ್ಟನೆ ನಾಲಗೆಗೆ ಬಂದಿತು. ಅವರು ನಕ್ಕು, ‘ಎರಡು ಊರಿಗೂ ರೇಡಿಯೊ ಇದೆಯಲ್ಲವೆ?’ ಎಂದರು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಅರ್ಥವಾದದ್ದು ರೈಲಿನಲ್ಲಿ. ಆ ವರ್ಷದ ಜೂನ್ ತಿಂಗಳಲ್ಲಿ ಆರಂಭವಾಗಿದ್ದ ವಂದೇ ಭಾರತ್ ಗಾಡಿಯಲ್ಲಿ ನಾವು ಹೊರಟೆವು. ಬೆಳಗಿನ ಆರಕ್ಕೆ ಮುಂಚೆ ಬೆಂಗಳೂರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಧಾರವಾಡ. ಕಿಟಕಿ ತೆಗೆಯಲು ಬರುವುದಿಲ್ಲ; ಒಳಗೆ ತಣ್ಣಗಿನ ಗಾಳಿ; ನಿಲ್ದಾಣಗಳು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ನಿವೃತ್ತ ಗಾರ್ಡರಿಗೆ ಇದು ಗಾಡಿಯೇ ಅಲ್ಲವೆಂಬ ಅಸಮಾಧಾನ. ಹಸಿರು ಬಾವುಟ ತೋರಿಸಲು ಕೈ ಹೊರಗೆ ಹಾಕುವುದೆಂತು ಎಂದು ಗೊಣಗಿದರು. ದಾವಣಗೆರೆಯಲ್ಲಿ ಇಳಿದು ಬೆಣ್ಣೆದೋಸೆ ಕಟ್ಟಿಸಿಕೊಂಡು ಬರುವ ನಮ್ಮವರ ಹವಣಿಕೆ, ಗಾಡಿ ನಿಂತ ಅಲ್ಪಕಾಲದಲ್ಲಿ ಕೈಗೂಡಲಿಲ್ಲ. ಗಿಟಾರ್ ಮಾತ್ರ ಮೇಲಿನ ಹಲಗೆಯ ಮೇಲೆ ಸುಖವಾಗಿ ಮಲಗಿತ್ತು.

ದಾರಿಯುದ್ದಕ್ಕೂ ಅವರು ನ್ಯಾಶ್‌ವಿಲ್‌ನ ಕಥೆ ಹೇಳಿದರು. ಆ ಊರು ಸಂಗೀತದ ಊರಾದದ್ದು ಯಾವ ಅರಸನಿಂದಲೂ ಅಲ್ಲ. ಒಂದು ವಿಮಾ ಕಂಪನಿಯಿಂದ! ಕಂಪನಿ ತನ್ನ ವಿಮಾಪತ್ರಗಳ ಪ್ರಚಾರಕ್ಕೆಂದು 1925ರಲ್ಲಿ ಡಬ್ಲ್ಯು.ಎಸ್.ಎಂ. ಎಂಬ ಬಾನುಲಿ ನಿಲಯವನ್ನು ತೆರೆಯಿತು. ‘ಲಕ್ಷಾಂತರ ಜನಕ್ಕೆ ನಮ್ಮ ರಕ್ಷೆ’ ಎಂಬರ್ಥದ ಕಂಪನಿಯ ಘೋಷವಾಕ್ಯದ ಮೊದಲಕ್ಷರಗಳೇ ಆ ಮೂರು. ಅದೇ ವರ್ಷ ನವೆಂಬರ್ 28ರ ಶನಿವಾರ ರಾತ್ರಿ ಜಿಮ್ಮಿ ಥಾಮ್ಸನ್ ಎಂಬ ಎಪ್ಪತ್ತು ದಾಟಿದ ಮುದುಕ ಪಿಟೀಲು ಹಿಡಿದು ಧ್ವನಿವರ್ಧಕದ ಮುಂದೆ ಕುಳಿತ. ಊರಿನ ಪ್ರತಿಷ್ಠಿತರಿಗೆ ಇದರಿಂದ ಅವಮಾನವಾಯಿತು. ಯಾಕೆಂದರೆ ನ್ಯಾಶ್‌ವಿಲ್ ತನ್ನನ್ನು ‘ದಕ್ಷಿಣದ ಅಥೆನ್ಸ್’ ಎಂದು ಕರೆದುಕೊಳ್ಳುತ್ತಿದ್ದ ವಿದ್ಯಾನಗರ. ಗ್ರೀಕರ ಪಾರ್ಥೆನಾನ್ ದೇಗುಲದ ಪೂರ್ಣಗಾತ್ರದ ಪ್ರತಿಕೃತಿಯನ್ನೇ 1897ರಲ್ಲಿ ಅಲ್ಲಿ ನಿಲ್ಲಿಸಿದ್ದರು. ಇಂಥ ಊರಿನ ಹೆಸರಿನಲ್ಲಿ ಗೊಲ್ಲರ ಹಾಡು ಆಕಾಶಕ್ಕೇರುವುದೆ? ಮುಂದೆ 1927ರಲ್ಲಿ ಒಂದು ರಾತ್ರಿ, ಮಹಾ ಆಪೆರಾದಿಂದ ಆಯ್ದ ಘನ ಸಂಗೀತದ ಕಾರ್ಯಕ್ರಮ ಮುಗಿದೊಡನೆಯೇ ಹಳ್ಳಿಮೇಳ ಆರಂಭವಾಗಬೇಕಾಗಿತ್ತು. ನಿರೂಪಕನಾದ ಜಾರ್ಜ್ ಹೇ ತುಂಟತನದಿಂದ ಆ ‘ಗ್ರಾಂಡ್ ಆಪೆರಾ’ ಎಂಬ ಮಾತನ್ನು ಹಳ್ಳಿಯ ಉಚ್ಚಾರಕ್ಕೆ ತಿರುಚಿ ‘ಗ್ರಾಂಡ್ ಓಲ್ ಆಪ್ರಿ’ ಎಂದನಂತೆ. ಆ ಕಾರ್ಯಕ್ರಮಕ್ಕೆ ಅದೇ ಹೆಸರು ನಿಂತಿತು. 1932ರಲ್ಲಿ ನಿಲಯದ ಶಕ್ತಿ ಐವತ್ತು ಸಾವಿರ ವಾಟ್‌ಗೆ ಏರಿತು. ಶನಿವಾರ ರಾತ್ರಿ ಹಲವು ರಾಜ್ಯಗಳ ಹಳ್ಳಿಗರು ಕಿವಿಗೊಟ್ಟು ಕೇಳುವಂತಾಯಿತು. ಹಾಡುವವರು ಆ ಊರಿಗೆ ಬಂದು ನೆಲಸಿದರು. ಅವರ ಹಿಂದೆ ಧ್ವನಿಮುದ್ರಣದ ಶಾಲೆಗಳು ಬಂದವು.

ಇದನ್ನು ಕೇಳುತ್ತಿದ್ದಂತೆ ನನಗೆ ಬೃಹದ್ದೇಶಿಯ ಮತಂಗ ನೆನಪಾದನು. ಹೆಂಗಸರು, ಮಕ್ಕಳು, ದನಗಾಹಿಗಳು, ಅರಸರು ತಮ್ಮ ತಮ್ಮ ನಾಡಿನಲ್ಲಿ ತಮ್ಮ ಇಚ್ಛೆಯಿಂದ ಹಾಡಿಕೊಳ್ಳುವುದೇ ದೇಶಿ ಎಂಬುದು ಅವನ ಅಭಿಪ್ರಾಯ. ಅರಸರನ್ನೂ ದನಗಾಹಿಗಳನ್ನೂ ಆತ ಒಂದೇ ಸಾಲಿನಲ್ಲಿ ಕೂರಿಸಿದ್ದನ್ನು ನಾನು ಪಾಠ ಹೇಳುವಾಗ ಎಂದೂ ಗಮನಿಸಿರಲಿಲ್ಲ. ನಮ್ಮ ಪಂಪನೂ ತನ್ನ ಕಾವ್ಯ ದೇಶಿಯನ್ನು ಹೊಕ್ಕು ಮಾರ್ಗದಲ್ಲಿ ಬೆರೆಯಬೇಕೆಂದು ಬಯಸಿದವನೇ. ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಮುಚ್ಚಳ ಬಿಗಿದವರು ನಮ್ಮಂಥ ಅಧ್ಯಾಪಕರು, ಪ್ರಶ್ನಪತ್ರಿಕೆಗೆ ಅನುಕೂಲವಾಗಲೆಂದು.

ಧಾರವಾಡದಲ್ಲಿ ಇಳಿದೊಡನೆ ನಮ್ಮ ತಂಡದ ಮಹಿಳೆಯರು ಲೈನ್ ಬಜಾರಿನ ಪೇಡೆಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತರು. ಈ ಪೇಡೆಯನ್ನು ಧಾರವಾಡಕ್ಕೆ ತಂದವರು ಉತ್ತರ ಹಿಂದೂಸ್ಥಾನದ ಉನ್ನಾವ್ ಕಡೆಯಿಂದ ಬಂದ ಠಾಕೂರ ಮನೆತನದವರು. ಸಂಜೆ ಸಾಧನಕೇರಿಗೆ ಹೋಗಿ ಬೇಂದ್ರೆಯವರ ಮನೆಯನ್ನೂ ಕೆರೆಯನ್ನೂ ನೋಡಿದೆವು. ಸುಭಾಸ ರಸ್ತೆಯ ಅಟ್ಟವನ್ನು ಹತ್ತಿ, 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಪುಸ್ತಕಗಳನ್ನು ಹೊತ್ತು ಇಳಿದೆವು. ಇವೆಲ್ಲ ಸಾಹಿತ್ಯಾಸಕ್ತರಾದ ತಮಗೆ ತಿಳಿದ ಸ್ಥಳಗಳೇ, ವಿಸ್ತರಿಸುವುದಿಲ್ಲ. ಒಂದು ಮಾತು ಮಾತ್ರ. ರಿಕ್ಷಾದವನೊಡನೆ ನಾನು ವ್ಯಾಕರಣಶುದ್ಧವಾದ ಕನ್ನಡದಲ್ಲಿ ಮಾತನಾಡಿದೆ. ಅವನು ನನ್ನನ್ನು ಮೇಲೆ ಕೆಳಗೆ ನೋಡಿ, ‘ಹೊರಗಿನಾವ್ರೇನ್ರೀ ಸರ?’ ಎಂದು ಕೇಳಿದ. ನನ್ನ ಪಕ್ಕದಲ್ಲಿದ್ದ ಹಿರಿಯರು ಆ ದಿನವಿಡೀ ನಗುತ್ತಿದ್ದರು.

ಮಾರನೆಯ ಬೆಳಗ್ಗೆ ‘ಮೃತ್ಯುಂಜಯ’ಕ್ಕೆ ಹೋದೆವು. ಮನಸೂರರು ಬಾಳಿದ ಆ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಸಾಮಾನ್ಯವಾದ ಮನೆ. ಒಳಗೆ ನಿಂತಾಗ ನಾವು ಹದಿನೆಂಟು ಮಂದಿಯೂ ಮಾತಿಲ್ಲದೆ ನಿಂತೆವು. 1910ರ ಡಿಸೆಂಬರ್ 31ರಂದು ಧಾರವಾಡದ ಪಕ್ಕದ ಮನಸೂರಿನಲ್ಲಿ ಹುಟ್ಟಿದ ಹುಡುಗ, ಮೊದಲು ಹಾಡಿದ್ದು ನಾಟಕದ ಬಯಲಿನಲ್ಲಿ. ವಾಮನರಾವ್ ಮಾಸ್ತರರ ನಾಟಕ ಮಂಡಳಿಯಲ್ಲಿ ಬಾಲಪಾತ್ರಗಳನ್ನು ಮಾಡುತ್ತಿದ್ದ. ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಪದ್ಧತಿ, ನೀಲಕಂಠ ಬುವಾ ಅವರಿಂದ ಗ್ವಾಲಿಯರ್, ಕೊನೆಗೆ ಮಂಜಿಖಾನ್, ಬುರ್ಜಿಖಾನ್ ಸೋದರರಿಂದ ಜೈಪುರ-ಅತ್ರೌಲಿ ಪದ್ಧತಿ: ಹೀಗೆ ನಾಟಕದ ಕಟ್ಟೆಯಿಂದ ಹೊರಟು ಅಪರೂಪದ ರಾಗಗಳ ಗಹ್ವರಕ್ಕೆ ಇಳಿದ ಪ್ರಯಾಣ ಅದು. ಅದೇ ಕಂಠ ವಚನಗಳನ್ನೂ ಹಾಡಿತು. ಅವನ್ನು ಕೇಳಿದ ಮೇಲೆ ನನಗೆ ತರಗತಿಯಲ್ಲಿ ಅಕ್ಕಮಹಾದೇವಿಯ ವಚನವನ್ನು ಗಟ್ಟಿಯಾಗಿ ಓದುವುದಕ್ಕೆ ಸಂಕೋಚವಾಗುತ್ತಿತ್ತು.

ಧಾರವಾಡ ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಮಣ್ಣಿನ ಗುಣ, ಕೆರೆಯ ನೀರು ಎಂಬ ಉತ್ತರಗಳನ್ನು ಹೇಳುವವರಿದ್ದಾರೆ. ಮಾತು ಚೆಲುವಾಗಿದೆ; ಅಷ್ಟೆ. ನಿಜವಾದ ಕಾರಣ ದಾರಿಯಲ್ಲಿದೆ. 1956ರವರೆಗೆ ಈ ಸೀಮೆ ಮುಂಬಯಿಗೆ ಸೇರಿದ್ದಿತು. ಪುಣೆ, ಮೀರಜ, ಬೆಳಗಾವಿ, ಹುಬ್ಬಳ್ಳಿಗಳನ್ನು ರೈಲು ಪೋಣಿಸಿತು. ಆ ರೈಲಿನಲ್ಲಿ ಮರಾಠಿ ನಾಟಕ ಮಂಡಳಿಗಳು ಬಂದವು. ಅವುಗಳನ್ನು ಕಂಡು ಕನ್ನಡದ ಮಂಡಳಿಗಳು ಹುಟ್ಟಿದವು. ರಂಗಗೀತೆಯ ಮೂಲಕ ರಾಗ ಜನರ ಬಾಯಿಗೆ ಬಂದಿತು. ಅದೇ ದಾರಿಯಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರಿನ ಅರಮನೆಗೆ ಹೋಗಿ ಬರುತ್ತಿದ್ದರು. ನಡುವೆ ಇಳಿದಲ್ಲೆಲ್ಲ ಶಿಷ್ಯರನ್ನು ಬಿತ್ತಿದರು. ದಕ್ಷಿಣದ ಸಂಗೀತದಿಂದ ಪಡೆಯಲು ಹಿಂಜರಿಯದ, ತ್ಯಾಗರಾಜರ ಕೃತಿಯನ್ನೇ ಧ್ವನಿಮುದ್ರಿಕೆಗೆ ಹಾಡಿದ ದೊಡ್ಡ ಮನಸ್ಸು ಅವರದು. ಇವರು 1937ರಲ್ಲಿ ದೇಹ ಬಿಟ್ಟದ್ದು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ರೈಲು ನಿಲ್ದಾಣದಲ್ಲಿ. ಈ ಮಾತನ್ನು ನಾನು ಹೇಳಿದಾಗ ನಮ್ಮ ಗಾರ್ಡರು ಟೋಪಿಯನ್ನು ತೆಗೆದರು. ಆ ನಿಲ್ದಾಣವನ್ನು ಅವರು ತಮ್ಮ ಸೇವೆಯಲ್ಲಿ ಎಷ್ಟೋ ಸಲ ದಾಟಿದ್ದರಂತೆ; ಈ ಸಂಗತಿಯನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಇನ್ನೊಂದು ಕಾರಣ ನಮ್ಮ ಹಿರಿಯರು ಹೇಳಿದ ರೇಡಿಯೊ. ಗಾಯಕರನ್ನು ಸಾಕಿದ್ದ ಸಾಂಗ್ಲಿ, ಮೀರಜ, ಜಮಖಂಡಿ, ಮುಧೋಳ ಮೊದಲಾದ ಚಿಕ್ಕ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಅರಮನೆಯ ತಂಬೂರಿಗಳಿಗೆ ಗವಸು ಬಿದ್ದಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1950ರ ಜನವರಿ 8ರಂದು, ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ‘ಆಕಾಶವಾಣಿ’ ಎಂಬ ಹೆಸರಾದರೋ ಮೈಸೂರಿನ ಕೊಡುಗೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ನಡೆಸಿದ ಬಾನುಲಿಗೆ ಇಟ್ಟಿದ್ದ ಹೆಸರು ಅದು. ಪ್ರಾಧ್ಯಾಪಕರಿಂದಲೂ ಒಮ್ಮೊಮ್ಮೆ ಉಪಯುಕ್ತವಾದ ಕೆಲಸಗಳು ಆಗಿರುವುದುಂಟು! ಧಾರವಾಡದ ನಿಲಯ ಅರಸರು ಬಿಟ್ಟ ಜಾಗದಲ್ಲಿ ಕುಳಿತಿತು. ಮನಸೂರರೇ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಸಭೆಗೆ ಚೀಟಿ ಕೊಳ್ಳಲಾರದ ಒಕ್ಕಲಿಗ, ಸಭೆಗೆ ಹೋಗಲು ಅನುಮತಿಯಿಲ್ಲದ ಹೆಂಗಸು, ಇಬ್ಬರೂ ಒಲೆಯ ಮುಂದೆ ಕುಳಿತು ಭೈರವಿಯನ್ನು ಕೇಳಿದರು.

ಮಧ್ಯಾಹ್ನ ಕುಂದಗೋಳಕ್ಕೆ ಹೋದೆವು. ಹುಬ್ಬಳ್ಳಿಯಿಂದ ಆಚೆ, ರೈಲು ದಾರಿಯ ಮೇಲೆ, ಕಪ್ಪು ಮಣ್ಣಿನ ನಡುವೆ ಇರುವ ಊರು. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು 1886ರಲ್ಲಿ ಹುಟ್ಟಿದ್ದು ಇಲ್ಲಿ. ಅಬ್ದುಲ್ ಕರೀಂ ಖಾನರ ಶಿಷ್ಯರು. ನಾಟಕದಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ಜನರನ್ನು ಮರುಳುಗೊಳಿಸಿದವರು. ಅವರಿಗೆ ಆಶ್ರಯವಾಗಿದ್ದ ನಾಡಿಗೇರ ವಾಡೆ ದೊಡ್ಡ ಕಂಬಗಳ ಹಳೆಯ ಮನೆ. ಅವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತ ನಡೆದು ಬಂದದ್ದು ಈ ವಾಡೆಯಲ್ಲಿಯೇ. ಮನೆಬಿಟ್ಟು ಓಡಿಹೋಗಿ ಗುರುವನ್ನು ಅರಸಿ ಅಲೆದು ಬಂದ ಗದುಗಿನ ಹುಡುಗ ಭೀಮಸೇನ ಜೋಶಿ ಇಲ್ಲಿ ನೀರು ಹೊತ್ತು ಸ್ವರ ಕಲಿತ. ಹುಬ್ಬಳ್ಳಿಯಿಂದ ದಿನವೂ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್.

ಗಂಗೂಬಾಯಿಯವರ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕು. 1913ರಲ್ಲಿ ಧಾರವಾಡದ ಶುಕ್ರವಾರಪೇಟೆಯಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಹೆಂಗಸರ ಮನೆತನವೆಂಬ ಕಾರಣಕ್ಕೆ, ಪಾಠಕ್ಕೆ ಹೋಗುವ ಬಾಲಕಿಯನ್ನು ಕಂಡು ಬೀದಿಯವರು ‘ಗಾನೇವಾಲಿ’ ಎಂದು ಕೂಗಿ ಹಂಗಿಸುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಇವರೂ ಒಬ್ಬರು. ಹಾಡಿನ ಚಿಂತೆ ಇರಲಿಲ್ಲವಂತೆ. ಜಾತಿಯ ಕಾರಣದಿಂದ ಊಟದ ಹೊತ್ತಿಗೆ ತನ್ನನ್ನು ಹೇಗೆ ನಡೆಸಿಕೊಳ್ಳುವರೋ ಎಂಬುದೇ ಆ ಹನ್ನೊಂದರ ಬಾಲಕಿಯ ಅಳುಕಾಗಿತ್ತು. ಆರಂಭದ ಧ್ವನಿಮುದ್ರಿಕೆಗಳಲ್ಲಿ ಅವರದು ಎಳೆಯ ತಾರಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ದನಿ ಇಳಿಯಿತು, ಗಂಡಸಿನ ದನಿಯೋ ಎಂಬಷ್ಟು. ಇನ್ನೊಬ್ಬರಾಗಿದ್ದರೆ ಹಾಡು ಬಿಡುತ್ತಿದ್ದರು. ಆ ದನಿಯನ್ನೇ ಹಿಡಿದು ಅವರು ಅರ್ಧ ಶತಮಾನ ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂದಿತು. 2009ರ ಜುಲೈಯಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಬಾಯಿಂದ ಕೇಳಿ ಬರೆದವರು ಎನ್ಕೆಯವರು, ಧಾರವಾಡ ಆಕಾಶವಾಣಿಯ ಎನ್. ಕೆ. ಕುಲಕರ್ಣಿಯವರು.

ವಾಡೆಯ ಮೆಟ್ಟಿಲ ಮೇಲೆ ಕುಳಿತು ನಾನು ಇದನ್ನು ಹೇಳಿ ಮುಗಿಸಿದ ಮೇಲೆ ನಮ್ಮ ಗಾರ್ಡರು ತುಸು ಹೊತ್ತು ಸುಮ್ಮನಿದ್ದು, ಡಿಫೋರ್ಡ್ ಬೈಲಿ ಎಂಬವನ ಕಥೆ ಹೇಳಿದರು. ಗುಲಾಮರ ವಂಶದ ಕಪ್ಪು ಮನುಷ್ಯ. ಬಾಲ್ಯದ ಪೋಲಿಯೊದಿಂದ ಬೆಳವಣಿಗೆ ಕುಂದಿ ಕುಳ್ಳಗಾಗಿ ಉಳಿದವನು. ಬಾಯಿಬಾಜಾದಲ್ಲಿ ರೈಲುಗಾಡಿಯ ಸದ್ದನ್ನು ಯಥಾವತ್ತಾಗಿ ನುಡಿಸುತ್ತಿದ್ದನು. ‘ಗ್ರಾಂಡ್ ಓಲ್ ಆಪ್ರಿ’ ಎಂಬ ನಾಮಕರಣವಾದ ರಾತ್ರಿ ಮೊದಲು ನುಡಿಸಿದವನೇ ಅವನು. ರೇಡಿಯೊದಲ್ಲಿ ಮೈಬಣ್ಣ ಕಾಣುವುದಿಲ್ಲ. ಕೇಳುಗರಲ್ಲಿ ಎಷ್ಟೋ ಮಂದಿಗೆ ಅವನು ಕಪ್ಪು ಮನುಷ್ಯನೆಂದು ತಿಳಿದಿರಲೇ ಇಲ್ಲ. ಆದರೆ ಮೇಳ ಊರೂರಿಗೆ ಹೋದಾಗ, ಜತೆಯ ಬಿಳಿಯರಿಗೆ ತೆರೆದ ಹೋಟೆಲುಗಳ ಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ. 1941ರಲ್ಲಿ ನಿಲಯ ಅವನನ್ನು ಕೈಬಿಟ್ಟಿತು. ಮುಂದೆ ಬೂಟು ಪಾಲಿಶಿನ ಅಂಗಡಿಯಿಟ್ಟು ಅದೇ ನ್ಯಾಶ್‌ವಿಲ್‌ನಲ್ಲಿ ಜೀವನ ಸಾಗಿಸಿದನು. 1982ರಲ್ಲಿ ಸತ್ತನು. ಹಳ್ಳಿಹಾಡಿನವರ ಕೀರ್ತಿಮಂದಿರದಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ.

ಸಂಜೆ ಧಾರವಾಡಕ್ಕೆ ಹಿಂತಿರುಗಿ, ಪರಿಚಯದವರೊಬ್ಬರ ಮೂಲಕ, ಒಬ್ಬ ಸಂಗೀತ ಶಿಕ್ಷಕಿಯ ಮನೆಗೆ ಹೋದೆವು. ಎಂಟು ಹತ್ತು ಹುಡುಗಿಯರು ಚಾಪೆಯ ಮೇಲೆ ಕುಳಿತು ಯಮನ್ ಹಾಡುತ್ತಿದ್ದರು. ಪಾಠ ಮುಗಿಯಿತು, ಚಹಾ ಬಂದಿತು. ಆಕೆಯ ಕಣ್ಣು ಗಿಟಾರಿನ ಚೀಲದ ಮೇಲೆ ಬಿದ್ದಿತು. ‘ಅಜ್ಜಾರು ಏನರೆ ಹಾಡ್ತಾರೇನ್ರಿ?’ ಎಂದು ಕೇಳಿದರು. ನಾನು ಥಟ್ಟನೆ, ‘ಬೇಡಿ, ಅದು ಬೇರೆ ರೀತಿಯದು, ಇಲ್ಲಿಗೆ ಹೊಂದುವುದಿಲ್ಲ’ ಎಂದುಬಿಟ್ಟೆ. ಆಕೆ ನನ್ನ ಮಾತನ್ನು ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಿಕೊಂಡೂ ಬಿಟ್ಟರೋ ತಿಳಿಯದು. ಅವರತ್ತ ತಿರುಗಿ, ‘ಯಾವ ಪಟ್ಟಿ?’ ಎಂದರು. ಅವರು ಅರ್ಥವಾಗದೆ ಗಿಟಾರಿನ ಒಂದು ತಂತಿಯನ್ನು ಮೀಟಿ ತೋರಿಸಿದರು. ಆಕೆ ಹಾರ್ಮೋನಿಯಂ ಮೇಲೆ ಬೆರಳಿಟ್ಟು, ‘ಕಾಳೀ ಒಂದು’ ಎಂದು ಹುಡುಗಿಯೊಬ್ಬಳಿಗೆ ತಂಬೂರಿಯನ್ನು ಅದಕ್ಕೆ ಸೇರಿಸಲು ಹೇಳಿದರು.

ಅವರು ಜಿಮ್ ರೀವ್ಸ್‌ನ ಒಂದು ನಿಧಾನವಾದ ಹಾಡನ್ನು ಎತ್ತಿಕೊಂಡರು. ಮೊದಲ ಸಾಲಿಗೆ ತಂಬೂರಿ ಸೊಗಸಾಗಿ ಕೂಡಿತು. ಎರಡನೆಯ ಸಾಲಿನಲ್ಲಿ ಗಿಟಾರ್ ತನ್ನ ಷಡ್ಜದ ಮನೆಯನ್ನು ಬಿಟ್ಟು ಮಧ್ಯಮದ ಮನೆಗೆ ಹೋಯಿತು. ತಂಬೂರಿಗೆ ಹಾಗೆ ಹೋಗಲು ಬಾರದು. ಅದರ ಪಂಚಮ ಅಲ್ಲಿಯೇ ನಿಂತಿತು. ಎರಡೂ ಒಂದನ್ನೊಂದು ಉಜ್ಜಿ ಕಿವಿಗೆ ಮುಳ್ಳಾಯಿತು. ಹುಡುಗಿಯರು ಕಿಸಕ್ಕನೆ ನಕ್ಕರು. ಶಿಕ್ಷಕಿ ಕೈಸನ್ನೆಯಿಂದ ತಂಬೂರಿಯನ್ನು ನಿಲ್ಲಿಸಿ, ಕಣ್ಣು ಮುಚ್ಚಿ ಒಂದು ಚರಣ ಕೇಳಿ, ಎರಡನೆಯ ಚರಣಕ್ಕೆ ಹಾರ್ಮೋನಿಯಂ ಹಿಡಿದು ಅವರ ಹಿಂದೆ ನಡೆದರು. ಮನೆ ಬದಲಾದಾಗ ತಾವೂ ಬದಲಾದರು. ಹಾಡು ಮುಗಿದಾಗ ಹುಡುಗಿಯರನ್ನು ನೋಡಿ, ‘ನಮ್ಮ ಹಾಡು ಮನ್ಯಾಗ ಕುಂತು ಊರೆಲ್ಲಾ ನೋಡತದ. ಇವರ ಹಾಡು ಮನೀ ಬಿಟ್ಟು ಹೋಗಿ ತಿರುಗಿ ಬರತದ. ಕೇಳಿದ್ರಿಲ್ಲೋ?’ ಎಂದರು. ಸಂಗೀತಶಾಸ್ತ್ರದ ಎಷ್ಟೋ ಗ್ರಂಥಗಳಲ್ಲಿ ನನಗೆ ಸಿಗದಿದ್ದ ವಿವರಣೆ ಅದು. ಹಿರಿಯರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಸೆಖೆಯೇನೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ‘ಇಲ್ಲಿಗೆ ಹೊಂದುವುದಿಲ್ಲ’ ಎಂಬ ಮಾತನ್ನು ನಾನು ಮೊದಲೂ ಒಮ್ಮೆ ಆಡಿದ್ದೆ. ಅದು 1986ರ ನವೆಂಬರ್. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ರಾಜ್ಯೋತ್ಸವದ ಸಭೆಯ ಹೊಣೆ ನನ್ನದಾಗಿತ್ತು. ಹಲಸೂರಿನ ಕಡೆಯ ಒಬ್ಬ ವಿದ್ಯಾರ್ಥಿ ಬಂದ. ಮನೆಮಾತು ತಮಿಳು. ಶಿಶುನಾಳ ಶರೀಫರ ಒಂದು ತತ್ತ್ವಪದವನ್ನು ಗಿಟಾರಿನೊಡನೆ ಹಾಡುತ್ತೇನೆಂದ. ಪದವನ್ನು ಅವನು ತಮಿಳು ಅಕ್ಷರಗಳಲ್ಲಿ ಬರೆದುಕೊಂಡಿದ್ದನ್ನು ಕಂಡೆ. ನಾನು ಒಂದು ಸಾಲನ್ನೂ ಹಾಡಿಸಿ ಕೇಳಲಿಲ್ಲ. ಶರೀಫರಿಗೆ ಗಿಟಾರೆ? ರಾಜ್ಯೋತ್ಸವಕ್ಕೆ ಈ ಉಚ್ಚಾರವೆ? ‘ಇಲ್ಲಿಗೆ ಹೊಂದುವುದಿಲ್ಲಪ್ಪ’ ಎಂದೆ, ಮೆಲುದನಿಯಲ್ಲಿಯೇ. ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಮುಂದೆ ಕನ್ನಡವನ್ನು ಬಿಟ್ಟು ಬೇರೆ ಭಾಷೆಯನ್ನು ಆಯ್ದುಕೊಂಡನೆಂದು ಕೇಳಿದೆ. ನಾಲ್ಕು ವರ್ಷಗಳ ಬಳಿಕ, 1990ರಲ್ಲಿ, ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು. ಸಿ. ಅಶ್ವತ್ಥರ ಸಂಗೀತದಲ್ಲಿ ಅವೇ ಪದಗಳು ಎಲ್ಲ ವಾದ್ಯಗಳೊಡನೆ ತೆರೆಯ ಮೇಲೆ ಮೊಳಗಿದವು. ನಾನೂ ಕುಟುಂಬಸಮೇತನಾಗಿ ಹೋಗಿ ತಲೆದೂಗಿ ಬಂದೆ. ಆ ಹುಡುಗನ ನೆನಪು ಆಗ ಬರಲಿಲ್ಲ.

ಶರೀಫರು ಮುಸಲ್ಮಾನರಾಗಿ ಹುಟ್ಟಿ ಬ್ರಾಹ್ಮಣನಾದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಗೋವಿಂದಭಟ್ಟರ ಕಳಸ ಕುಂದಗೋಳದ ಸೀಮೆಯ ಊರೇ. ಆ ಸೀಮೆಯಲ್ಲಿ ಓಡಾಡಿ ಬಂದ ರಾತ್ರಿ, ನಾನು ಕೇಳದೆ ಕಳಿಸಿದ ಹಾಡು ಹೇಗಿದ್ದೀತೆಂದು ಊಹಿಸಲು ಹೆಣಗಿದೆ. ಅಬ್ದುಲ್ ಕರೀಂ ಖಾನರು ತ್ಯಾಗರಾಜರ ತೆಲುಗನ್ನು ಯಾವ ಅಕ್ಷರದಲ್ಲಿ ಬರೆದುಕೊಂಡಿದ್ದರೋ! ಮನಸೂರರು ಆ ಬ್ರಜಭಾಷೆಯ ಚೀಜುಗಳನ್ನು ಕಲಿಯುವಾಗ ಅವರ ಧಾರವಾಡದ ನಾಲಗೆಯನ್ನು ಕಂಡು ಖಾನ್ ಸಾಹೇಬರು ಬಾಗಿಲು ಹಾಕಿದ್ದರೆ?

ಹಿಂತಿರುಗುವ ಗಾಡಿಯಲ್ಲಿ ನಾನು ಈ ಕಥೆಯನ್ನು ನಮ್ಮ ಗಾರ್ಡರಿಗೆ ಹೇಳಿದೆ. ಸಮಾಧಾನದ ಮಾತನ್ನು ನಿರೀಕ್ಷಿಸಿದ್ದೆನೆಂದು ತೋರುತ್ತದೆ. ಅವರು ಸಮಾಧಾನ ಹೇಳಲಿಲ್ಲ. ‘ಹುಡುಗನ ಹೆಸರು ನೆನಪಿದೆಯೆ?’ ಎಂದು ಮ್ಯಾತ್ರ ಕೇಳಿದರು. ನೆನಪಿರಲಿಲ್ಲ. ‘ಹಲಸೂರಿನಲ್ಲಿ ಗಿಟಾರ್ ಹಿಡಿದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ವಿಚಾರಿಸೋಣ’ ಎಂದು ಕಿಟಕಿಯ ಕಡೆ ತಿರುಗಿದರು.

ವಿಚಾರಿಸುತ್ತಲೇ ಇದ್ದಾರೆ. ಇದುವರೆಗೆ ಮೂವರನ್ನು ನಮ್ಮ ಮನೆಗೆ ಕರೆತಂದರು, ಮೂವರೂ ಅವನಲ್ಲ. ಒಬ್ಬರು ಹಲಸೂರು ಪೇಟೆಯಲ್ಲಿ ಬೀಗ ರಿಪೇರಿ ಮಾಡುವವರು, ಹ್ಯಾಂಕ್ ವಿಲಿಯಮ್ಸ್‌ನ ಹಾಡುಗಳನ್ನು ಬಹಳ ಚೆನ್ನಾಗಿ ಹಾಡುತ್ತಾರೆ. ಈಗ ಭಾನುವಾರದ ಕೂಟಕ್ಕೆ ಬರುತ್ತಿದ್ದಾರೆ. ಶ್ರೋತೃಗಳಲ್ಲಿ ಆ ವಿದ್ಯಾರ್ಥಿ ಇದ್ದರೆ, ಅವನಿಗೆ ಈಗ ಅರುವತ್ತು ಸಮೀಪಿಸಿರಬೇಕು. ಆ ಪದವನ್ನು ನಾನು ಕೇಳಬೇಕೆಂದಿದ್ದೇನೆ. ಜೋಗುಪಾಳ್ಯದಲ್ಲಿ ಗಿಟಾರಿನ ಗಾರ್ಡರ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ; ಅಲ್ಲಿಂದ ಎರಡನೆಯ ಮನೆ ನಮ್ಮದು.